ಒಣ ಬೂದಿ

ನಮ್ಮ ಊರಿನಲ್ಲಿ ಸಾವಿನ ಸುದ್ದಿ ಮುಟ್ಟಿಸಲು ಯಾರೂ ಓಡಾಡುವುದಿಲ್ಲ. ಹಂಚಿನ ಮೇಲೆ ರೊಟ್ಟಿ ಇರುವಾಗಲೇ ಒಲೆ ಪಕ್ಕನೆ ಆರಿತೆಂದರೆ ಬೇಕಾದವರು ಯಾರೋ ಹೋದರೆಂದೇ ಅರ್ಥ. ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಇನ್ನೂ ಯಾರ ಮನೆಯ ಹೊಗೆ ನಿಂತಿದೆ ಎಂದು ಆಚೀಚೆ ನೋಡುತ್ತಾರೆ. ಒಲೆ ಆರುವುದಕ್ಕೆ ನೆಂಟಸ್ತಿಕೆ ಬೇಕಾಗಿಲ್ಲ. ತಮ್ಮ ಸತ್ತು ಹೆಣ ಅಂಗಳದಲ್ಲಿದ್ದರೂ ಅಣ್ಣನ ಮನೆಯಲ್ಲಿ ಬೇಳೆ ಕುದಿಯುತ್ತಲೇ ಇರುತ್ತದೆ. ನಾಲ್ಕು ಓಣಿ ಆಚೆ, ಸಂಬಂಧವೇ ಇಲ್ಲದ ಒಬ್ಬಾಕೆಯ ಒಲೆ ತಣ್ಣಗಾಗಿ, ಅವಳ ಗಂಡ ಅವಳ ಮುಖ ನೋಡುತ್ತ ನಿಂತಿರುತ್ತಾನೆ. ಹಾಗಾಗಿ ನಮ್ಮಲ್ಲಿ ಸಾವಿನ ದಿನ ಅಳುವಿಗಿಂತ ಗುಸುಗುಸು ಜಾಸ್ತಿ.

ಹೀಗೆ ತಾನಾಗಿ ಆರಿದ ಒಲೆಯ ಬೂದಿ ಒಂದು ಹಿಡಿಯಾದರೂ ತಲೆಯ ಕೆಳಗಿದ್ದರೆ ಮಾತ್ರ ಊರ ಮಣ್ಣು ಸಿಗುತ್ತದೆ. ಇಲ್ಲದವರನ್ನು ಹಳ್ಳದಾಚೆಯ ಮರಳಿಗೆ ಒಯ್ಯುತ್ತಾರೆ. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದು ಆ ಮರಳನ್ನು ಅದರೊಳಗಿದ್ದವರ ಸಮೇತ ಬಳಿದುಕೊಂಡು ಹೋಗುತ್ತದೆ. ಅದಕ್ಕೆ ಅಂಜಿ, ಇಲ್ಲವೇ ಜನರ ಬಾಯಿಗೆ ಅಂಜಿ, ಉರಿಯುವ ಒಲೆಗೆ ನೀರು ಸುರಿಯುವವರೂ ಇದ್ದಾರೆ. ಅಂಥವರನ್ನು ಹಿಡಿಯುವುದೇ ನನ್ನ ಕೆಲಸ. ನಾನು ಬೂದಿ ನೋಡುವಾಕೆ, ಹೆಸರು ಕಾಶವ್ವ. ತಾನಾಗಿ ಆರಿದ ಒಲೆಯ ಬೂದಿ ಆ ಗಳಿಗೆಗೇ ತಣ್ಣಗಿರುತ್ತದೆ, ಬೆರಳ ಸಂದಿಯಿಂದ ಜಾರಿ ಬೀಳುತ್ತದೆ. ನೀರು ಹಾಕಿದ್ದು ಅಂಗೈಗೆ ಮೆತ್ತುತ್ತದೆ, ಕಟ್ಟಿಗೆ ಹಿಂದಕ್ಕೆಳೆದು ಆರಿಸಿದ್ದು ಬಿಸಿ ಇರುತ್ತದೆ. ನಾನು ಒಣ ಎಂದರೆ ಒಣ, ಹಸಿ ಎಂದರೆ ಹಸಿ. ಹಿರಿಯರೂ ಎದುರು ಮಾತಾಡುವಂತಿಲ್ಲ. ಒಮ್ಮೆ ಮಾವ ತೀರಿಕೊಂಡಾಗ ಕೊಡಗಟ್ಟಲೆ ನೀರು ಸುರಿದು, ಅಡಿಗೆಮನೆಯನ್ನು ಕೆಸರು ಮಾಡಿಕೊಂಡು ಅಳುತ್ತ ನಿಂತ ಸೊಸೆಯನ್ನು, ಇಲ್ಲಿ ಭತ್ತ ನಾಟಿ ಮಾಡುವ ವಿಚಾರ ಇದೆಯೇನವ್ವ ಎಂದು ಎಲ್ಲರ ಎದುರಿಗೇ ಕೇಳಿದ್ದೆ. ಊರು ತಿಂಗಳುಗಟ್ಟಲೆ ನಕ್ಕಿತು. ಆದರೆ ನಕ್ಕವರು ಕೂಡ ನಾನು ಬಾಗಿಲಲ್ಲಿ ಕಂಡರೆ ಸೆರಗು ಸರಿಮಾಡಿಕೊಂಡು ಚಹಾ ತಂದುಕೊಡುತ್ತಾರೆ, ಕೂತು ಎರಡು ಮಾತಾಡು ಎನ್ನುವುದಿಲ್ಲ. ಎಲ್ಲರ ಒಲೆಯ ಗುಟ್ಟು ಬಲ್ಲವಳನ್ನು ಯಾರು ಕೂರಿಸಿಕೊಳ್ಳುತ್ತಾರೆ?

ಈ ಕೆಲಸ ನನಗೆ ಬಂದದ್ದು ಅತ್ತೆ ದುಂಡವ್ವನಿಂದ. ಲಕ್ವ ಹೊಡೆದು ಅವಳ ಬಲಗೈ ಸ್ಪರ್ಶ ಕಳೆದುಕೊಂಡಾಗ ಹಿರಿಯರು ನನ್ನನ್ನು ನೇಮಿಸಿದರು. ಅಷ್ಟರಲ್ಲಿ ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ನನ್ನ ಗಂಡ, ಅವಳ ಒಬ್ಬನೇ ಮಗ ಪರಪ್ಪ, ಮೊದಲೇ ಹೋಗಿದ್ದ. ಅವನು ಹೋದ ದಿನ ನಮ್ಮ ಒಲೆ ಆರಿತು. ಅತ್ತೆಯೇ ಅದರಲ್ಲಿ ಕೈ ಹಾಕಿ, ಕಣ್ಣಲ್ಲಿ ಒಂದು ಹನಿ ಇಲ್ಲದೆ, ಒಣ ಎಂದಳು. ಆಮೇಲೆ ಮಣ್ಣು ಮಾಡಿ ಬಂದು, ಜಗಲಿಯ ಮೇಲೆ ಕೂತು, ನನಗೆ ಒಂದು ಮಾತು ಹೇಳಿದಳು.

"ಒಲಿ ಆರಿದ್ದು ನಂದ ಸಂಕಟಕ್ಕ. ನಿಂದಲ್ಲ. ತಿಳಕೊ."

ಒಂದೇ ಒಲೆ, ಮನೆಯಲ್ಲಿ ಇಬ್ಬರು ಹೆಂಗಸರು. ಯಾರ ಸಂಕಟಕ್ಕೆ ಆರಿತೆಂದು ಹೇಳುವವರು ಯಾರು? ಆ ಮಾತನ್ನು ನಾನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅವಳ ಸೇವೆಯಲ್ಲಿ ಮಾತ್ರ ಒಂದು ಕೂದಲಷ್ಟೂ ಲೋಪ ಮಾಡಲಿಲ್ಲ. ಮೈ ಒರೆಸಿದೆ, ರೊಟ್ಟಿ ಹಾಲಿನಲ್ಲಿ ನೆನೆಸಿ ಉಣಿಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ. ಸೊಸೆ ಎಂದರೆ ಕಾಶವ್ವನ ಹಾಗೆ ಇರಬೇಕು ಎಂದು ಊರು ತನ್ನ ಸೊಸೆಯರಿಗೆ ನನ್ನನ್ನು ತೋರಿಸುತ್ತಿತ್ತು. ಅತ್ತೆ ಮಾತ್ರ ಉಂಡು ಬಾಯಿ ಒರೆಸಿಕೊಂಡು, ತನ್ನ ಒಂದೇ ಚಿಂತೆಯನ್ನು ತೆಗೆಯುತ್ತಿದ್ದಳು. ಸತ್ತ ಮೇಲೆ ಮಗನ ಮಗ್ಗುಲಲ್ಲಿ ಮಲಗಬೇಕು. ಅದಕ್ಕೆ ಬೂದಿ ಕೊಡುವವರು ಯಾರು? ಊರೆಲ್ಲ ಅವಳಿಗೆ ಅಂಜಿತ್ತೇ ಹೊರತು ಅವಳನ್ನು ಹಚ್ಚಿಕೊಂಡಿರಲಿಲ್ಲ. ನಾನಿದ್ದೀನಲ್ಲ ಎಂದರೆ ಸೊಟ್ಟ ಬಾಯಲ್ಲಿ ನಗುತ್ತಿದ್ದಳು. ನಿನ್ನ ಒಲೆ ಆರುವುದಿಲ್ಲ ಬಿಡು, ನನ್ನನ್ನು ಹಳ್ಳದಾಚೆಗೇ ಹಾಕುತ್ತಾರೆ ಎನ್ನುತ್ತಿದ್ದಳು. ಇಷ್ಟು ಮಾಡಿಸಿಕೊಂಡು ಹೀಗೆನ್ನುತ್ತಾಳಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಇನ್ನು ಪರದೇಶದವರ ವಿಷಯ. ಊರ ಪಡುವಣಕ್ಕೆ ಸುಣ್ಣದ ಗೂಡುಗಳಿವೆ. ಸುಣ್ಣ ಸುಟ್ಟು ಸುಟ್ಟು ಎದೆ ಕಟ್ಟಿಸಿಕೊಂಡು ನಮ್ಮವರು ಆ ಕೆಲಸ ಬಿಟ್ಟಾಗ, ಗೂಡಿನ ಮಾಲೀಕರು ಗುಡ್ಡಸಾಲಿನ ಆಚೆಯ ದೇಶದಿಂದ ಜನರನ್ನು ಕರೆತಂದರು. ಗೂಡಿನ ಬೆನ್ನಿಗೆ ತಗಡಿನ ಸಾಲುಮನೆ ಕಟ್ಟಿಕೊಟ್ಟರು. ನಾವು ಅದನ್ನು ಲೈನು ಎನ್ನುತ್ತೇವೆ. ಅವರ ಭಾಷೆ ನಮಗೆ ತಿಳಿಯದು. ಗಂಡಸರೂ ಕಿವಿಗೆ ಕೆಂಪು ದಾರ ಕಟ್ಟುತ್ತಾರೆ, ಜವೆಗೋಧಿಯ ಹಿಟ್ಟನ್ನು ಬೆಣ್ಣೆಯಲ್ಲಿ ಕಲಸಿ ತಿನ್ನುತ್ತಾರೆ. ಅವರಲ್ಲಿ ಸತ್ತವರನ್ನೆಲ್ಲ ಹಳ್ಳದಾಚೆ ಹಾಕುವುದು ರೂಢಿಯಾಯಿತು. ಲೈನಿನ ಒಲೆಗಳನ್ನು ಬೂದಿಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯರು ಮೊದಲೇ ಹೇಳಿಬಿಟ್ಟಿದ್ದರು. ತಗಡಿನ ಮನೆ, ಗಾಳಿಗೆ ಒಲೆ ಆರುತ್ತದೆ, ಅದನ್ನು ಏನೆಂದು ನಂಬುವುದು ಎಂಬುದು ಅವರ ವಾದ. ಹಾಗಾಗಿ ಅತ್ತೆಯನ್ನಾಗಲಿ ನನ್ನನ್ನಾಗಲಿ ಅಲ್ಲಿಗೆ ಯಾರೂ ಕಳಿಸಲೇ ಇಲ್ಲ.

ಗೂಡಿನಲ್ಲಿ ಕಲ್ಲು ತುಂಬುತ್ತಿದ್ದ ತೊವಾನ ಎಂಬಾತ ಸತ್ತಾಗ ಲೈನಿನಲ್ಲಿ ಎಷ್ಟೋ ದಿನ ಹೊಗೆಯೇ ಏಳಲಿಲ್ಲ. ಜನ ನೆನೆಸಿದ ಅವಲಕ್ಕಿ ತಿಂದು ಕೆಲಸಕ್ಕೆ ಹೋಗುತ್ತಿದ್ದರು. ತೊವಾನನ ಹೆಂಡತಿ ಇಶ್ಮೇ ದಿನವೂ ಸಂಜೆ ಸೀರೆಯ ಹಾಗೆ ಏನೋ ಉಟ್ಟುಕೊಂಡು, ತಲೆ ಬಾಚಿಕೊಂಡು, ಹೊಸ್ತಿಲ ಮೇಲೆ ಕೂತಿರುತ್ತಾಳೆ ಎಂದು ಆ ದಾರಿಯಲ್ಲಿ ಓಡಾಡುವವರು ಹೇಳಿದರು. ಸತ್ತವರಿಗಾಗಿ ಉಪವಾಸ ಇರುವುದು ಅವರ ಪದ್ಧತಿ ಇದ್ದೀತು ಎಂದು ನಾವೆಲ್ಲ ಅಂದುಕೊಂಡೆವು. ಎಂಥ ಶಿಸ್ತಿನ ಜನ ಎಂದು ಹೊಗಳಿದವರೂ ಇದ್ದರು. ಆಮೇಲೊಂದು ದಿನ ಮತ್ತೆ ಹೊಗೆ ಎದ್ದಿತು. ಆ ವರ್ಷದ ಮೊದಲ ಮಳೆಗೇ ಹಳ್ಳ ಬಂದು ತೊವಾನನನ್ನು ಒಯ್ದಿತು.

ಅದಾದ ಮೇಲೆ ಊರಲ್ಲಿ ಒಂದು ಸಮಿತಿ ಹುಟ್ಟಿತು. ಪರದೇಶದವರೂ ನಾವೂ ಕೂಡಿ ಬಾಳಬೇಕು ಎಂದು ಅದರ ಅಧ್ಯಕ್ಷ ಅಡಿವೆಪ್ಪನವರು ಭಾಷಣ ಮಾಡಿದರು. ಅವರು ಒಳ್ಳೆಯವರೇ. ಆದರೆ ಒಳ್ಳೆಯತನಕ್ಕೂ ಒಂದು ಹಾರ, ಒಂದು ಮೈಕು ಬೇಕು ಎನ್ನುವ ಜಾತಿ. ಊರಿನ ಒಂದು ಮನೆಗೆ ಲೈನಿನ ಒಂದು ಮನೆ ಜೋಡಿ ಎಂದು ಗೊತ್ತುಮಾಡಿದರು. ನಮ್ಮ ಪಾಲಿಗೆ ಬಂದವಳು ಇಶ್ಮೇ. ನಾನು ಯಾವುದರಲ್ಲೂ ಕಡಿಮೆ ಮಾಡುವವಳಲ್ಲ. ಅವಳನ್ನು ಕರೆಸಿ, ಹೊಸ ಚಾಪೆ ಹಾಸಿ, ಹೋಳಿಗೆ ಬಡಿಸಿ, ಕುಪ್ಪಸದ ಬಟ್ಟೆ ಕೊಟ್ಟೆ. ಸಮಿತಿಯವರು ಫೋಟೋ ತೆಗೆದರು. ಇಶ್ಮೇ ನೆಲ ನೋಡುತ್ತ ಉಂಡಳು. ಅವಳೂ ನಾನೂ ಒಬ್ಬರಿಗೊಬ್ಬರು ಕೈ ಮುಗಿದು ಬೀಳ್ಕೊಂಡೆವು. ಕೆಲಸ ಮುಗಿಯಿತು ಎಂದುಕೊಂಡು ನಾನು ತಾಟು ತೊಳೆಯಲು ಕೂತೆ.

ಅತ್ತೆ ಮಾತ್ರ ಹಾಸಿಗೆಯಿಂದಲೇ ಅವಳನ್ನು ನೋಡಿದ್ದಳು. ಉಂಡ ಮೇಲೆ ಅವಳು ಒಲೆಯ ಹತ್ತಿರ ಹೋಗಿ, ಅದರ ಅಂಚನ್ನು ಸವರಿದ್ದನ್ನೂ ನೋಡಿದ್ದಳು. ಮಾರನೆಯ ದಿನ ಲೈನಿಗೆ ಹೋಗಬೇಕು, ಗಾಡಿ ಕಟ್ಟಿಸು ಎಂದು ಹಟ ಹಿಡಿದಳು. ನಾನೇ ಕರೆದೊಯ್ದೆ. ಇಶ್ಮೇಯ ಮನೆಯಲ್ಲಿ ಮೂರು ಕಲ್ಲಿಟ್ಟ ಒಲೆ ಇತ್ತು. ಅತ್ತೆ ಅಂಗಳದಲ್ಲಿ ಗೋಣಿಚೀಲ ಹಾಸಿಸಿಕೊಂಡು ಕೂತು, ಇದೊಂದು ಒಲೆಯೇ ಎಂದು ಬೈಯಲು ಶುರುಮಾಡಿದಳು. ಹುತ್ತದ ಮಣ್ಣು ತರಿಸಿದಳು. ಅದಕ್ಕೆ ಹೊಟ್ಟು ಹಾಕು, ಸೆಗಣಿ ಹಾಕು, ತುಳಿ, ಇನ್ನೂ ತುಳಿ ಎಂದು ಎಡಗೈಯ ಕೋಲಿನಿಂದ ತೋರಿಸಿದಳು. ಇಶ್ಮೇ ಹದ ತಪ್ಪಿದರೆ ಅದೇ ಕೋಲಿನಿಂದ ಮೊಣಕಾಲಿಗೆ ತಟ್ಟಿದಳು. ಹೊಸಬಳಿಗೆ ಹೀಗಾ ಮಾಡುವುದು ಎಂದು ನನಗೆ ನಾಚಿಕೆಯಾಯಿತು. ಇಶ್ಮೇ ನಕ್ಕಳು. ಅವಳ ನಗುವನ್ನು ನಾನು ಕಂಡದ್ದು ಅದೇ ಮೊದಲು. ಹೋಳಿಗೆ ತಿನ್ನುವಾಗ ಅವಳು ನಕ್ಕಿರಲಿಲ್ಲ.

ಆ ಒಲೆ ಒಣಗುವವರೆಗೆ ಅತ್ತೆ ದಿನ ಬಿಟ್ಟು ದಿನ ಹೋದಳು. ಆಮೇಲೆ ಇಶ್ಮೇಯೇ ಬರತೊಡಗಿದಳು. ಗೂಡಿನ ಪಾಳಿ ಮುಗಿಸಿ, ಮೈಯ ಸುಣ್ಣ ತೊಳೆದುಕೊಂಡು ಮಧ್ಯಾಹ್ನ ಬಂದರೆ ಹೊತ್ತು ಇಳಿಯುವ ತನಕ ಇರುತ್ತಿದ್ದಳು. ಇಬ್ಬರಿಗೂ ಭಾಷೆ ಸರಿಯಾಗಿ ಬಾರದು. ಅತ್ತೆ ತನ್ನ ಮಾತಿನಲ್ಲಿ ತನ್ನದನ್ನು ಹೇಳುವಳು, ಅವಳು ತನ್ನ ಭಾಷೆಯಲ್ಲಿ ತನ್ನದನ್ನು. ಯಾರೂ ಯಾರಿಗೂ ಅರ್ಥ ಕೇಳುತ್ತಿರಲಿಲ್ಲ. ಜೋಳ ಹಸನು ಮಾಡುತ್ತ, ತಲೆ ಬಾಚುತ್ತ, ಹರಿದದ್ದು ಹೊಲಿಯುತ್ತ ಇಬ್ಬರೂ ಏಕಕಾಲಕ್ಕೆ ಮಾತಾಡುತ್ತಿದ್ದರು. ಅಡಿಗೆಮನೆಯಲ್ಲಿ ಕೂತು ಕೇಳಿದರೆ ಎರಡು ಗಿರಣಿ ಒಟ್ಟಿಗೆ ನಡೆದ ಹಾಗಿರುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು. ಆಮೇಲೊಂದು ದಿನ ಅತ್ತೆ ಅವಳಿಗೆ ಪರಪ್ಪನ ಕೊನೆಯ ರಾತ್ರಿಯ ಕಥೆ ಹೇಳುವುದು ಕಿವಿಗೆ ಬಿತ್ತು. ಅವನು ನೀರು ಕೇಳಿದ್ದು, ಕಾಶವ್ವ ಕುಡಿಸಿದ್ದು, ಆ ಹುಡುಗಿ ಚೊಂಬು ಹಿಡಿದ ಕೈ ಬೆಳಗಿನವರೆಗೂ ನಡುಗುತ್ತಿದ್ದದ್ದು. ನನ್ನ ಕೈ ನಡುಗಿದ್ದನ್ನು ಅವಳು ನೋಡಿದ್ದಳು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನಗೆ ಹೇಳದ ಮಾತನ್ನು, ಅರ್ಥವೇ ಆಗದ ಒಬ್ಬಳಿಗೆ ಹೇಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಮುದುಕಿ ಬೂದಿಗೆ ದಾರಿ ಹುಡುಕುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹುಡುಕಿದರೆ ತಾನೇ ಏನು, ಲೈನಿನ ಬೂದಿ ಲೆಕ್ಕಕ್ಕಿಲ್ಲವಲ್ಲ.

ಇಶ್ಮೇಗೆ ಬರಬರುತ್ತ ನಮ್ಮ ಮಾತು ಒಂದಿಷ್ಟು ಬಂದಿತು. ನನಗೆ ಅಕ್ಕ ಎನ್ನುತ್ತಿದ್ದಳು, ಅತ್ತೆಗೆ ಅವ್ವ. ತೊವಾನನ ಸುದ್ದಿ ಮಾತ್ರ ಎಂದೂ ತೆಗೆಯಲಿಲ್ಲ. ಹಳ್ಳ ತುಂಬಿ ಬಂದ ದಿನಗಳಲ್ಲಿ ನಮ್ಮ ಮನೆಗೂ ಬರುತ್ತಿರಲಿಲ್ಲ.

ಅತ್ತೆ ತೀರಿಕೊಂಡದ್ದು ಒಂದು ಬೆಳಿಗ್ಗೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳ ಹಾಸಿಗೆ ಅಡಿಗೆಮನೆಯ ಬಾಗಿಲಿಗೆ ಎದುರಾಗಿಯೇ ಇತ್ತು. ಕೊರಳಲ್ಲಿ ಏನೋ ಸಿಕ್ಕಿದ ಹಾಗೆ ಒಂದು ಸದ್ದು ಮಾಡಿದಳು. ನಾನು ಎದ್ದು ಹೋಗಿ ತಲೆ ಎತ್ತಿ ಹಿಡಿದೆ. ಒಂದು ಗುಟುಕು ನೀರು ಹಾಕಿದೆ, ಅದು ಕಟಬಾಯಿಂದ ಹೊರಗೆ ಬಂತು. ಕಣ್ಣು ಮುಚ್ಚಿಸಿದೆ. ಮುಚ್ಚಿಸಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಒಲೆಯ ಕಡೆ ತಿರುಗಿ ನೋಡಿದ್ದು.

ಉರಿಯುತ್ತಿತ್ತು. ಇನ್ನು ಆರಬಹುದು ಎಂದು ಕಾದೆ. ಹಂಚಿನ ಮೇಲಿನ ರೊಟ್ಟಿ ಕಂದಾಗಿ, ಕಪ್ಪಾಗಿ, ಹೊಗೆಯಾಡಿತು. ಕಟ್ಟಿಗೆ ಚಟಪಟ ಎನ್ನುತ್ತಿತ್ತು, ಯಾವ ದಿನವೂ ಅಷ್ಟು ಚೆಂದ ಉರಿದಿರಲಿಲ್ಲ. ನನಗೆ ಅಳು ಬಂತು. ಅದು ಅತ್ತೆಗಾಗಿಯೋ ಒಲೆಗಾಗಿಯೋ ಈಗಲೂ ಹೇಳಲಾರೆ. ಈ ಮನೆಯಲ್ಲಿ ಈಗ ನಾನೊಬ್ಬಳೇ ಹೆಂಗಸು. ಹಾಗಿದ್ದರೆ ಪರಪ್ಪ ಹೋದಾಗ ಆರಿದ್ದು ನಿಜವಾಗಿಯೂ ಯಾರ ಸಂಕಟಕ್ಕೆ? ಅವಳು ಅಂದು ಹೇಳಿದ್ದೇ ಖರೆಯೇ? ಆ ಯೋಚನೆ ಬಂದದ್ದೇ ಎದ್ದು ನೀರಿನ ಕೊಡಕ್ಕೆ ಕೈ ಹಾಕಿದೆ. ಊರಿನ ಬೂದಿ ನೋಡುವಾಕೆ ನಾನು, ನನ್ನ ಬೂದಿ ನೋಡುವವರು ಯಾರೂ ಇಲ್ಲ. ಒಂದು ಕೊಡ ನೀರು, ಒಂದು ಮಾತು, ಅಷ್ಟಾದರೆ ಅತ್ತೆ ಮಗನ ಮಗ್ಗುಲಿಗೆ ಹೋಗುತ್ತಾಳೆ, ನನ್ನ ಮಾನವೂ ಉಳಿಯುತ್ತದೆ.

ಕೊಡ ಎತ್ತಿದ್ದೆ. ಅಷ್ಟರಲ್ಲಿ ಇಶ್ಮೇ ಬಾಗಿಲಿಗೆ ಬಂದಳು. ಬರಿಗಾಲು, ಮೊಣಕೈವರೆಗೆ ಹಿಟ್ಟು, ಲೈನಿನಿಂದ ಓಡಿ ಬಂದು ಉಸಿರು ಸಿಗುತ್ತಿರಲಿಲ್ಲ.

"ಅಕ್ಕ, ಒಲಿ ಆರೇತಿ. ಅವ್ವ?"

ಅವಳು ಹಾಸಿಗೆ ನೋಡಿದಳು. ಆಮೇಲೆ ನನ್ನ ಕೈಯ ಕೊಡ ನೋಡಿದಳು, ಹಿಂದೆ ಉರಿಯುತ್ತಿದ್ದ ಒಲೆಯನ್ನೂ ನೋಡಿದಳು. ಅದರ ಅರ್ಥ ಅವಳಿಗೆ ತಿಳಿಯದೆ ಇರಲಿಲ್ಲ. ಬಂದು ನನ್ನ ಕೈಯಿಂದ ಕೊಡ ಇಸಿದುಕೊಂಡಳು. ಒಲೆಗೆ ಸುರಿಯುತ್ತಾಳೆ ಎಂದುಕೊಂಡೆ. ಅವಳು ಸುಟ್ಟ ರೊಟ್ಟಿಯನ್ನು ತೆಗೆದಿಟ್ಟು, ಹಂಚು ಇಳಿಸಿ, ಅದೇ ಒಲೆಯ ಮೇಲೆ ಹಂಡೆ ಇಟ್ಟು ನೀರು ತುಂಬಿದಳು. ಹೆಣಕ್ಕೆ ಬಿಸಿನೀರು ಬೇಕಲ್ಲ. ನಾವಿಬ್ಬರೂ ಕೂಡಿ ಅತ್ತೆಗೆ ಸ್ನಾನ ಮಾಡಿಸಿದೆವು. ಅವಳು ಅಳುತ್ತ ಅತ್ತೆಯ ತಲೆ ಬಾಚಿದಳು, ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಲೇ ಇದ್ದಳು. ಅವಳ ಮುಂಗೈಯ ಹಿಟ್ಟು ಒಣಗಿ ಅತ್ತೆಯ ಕೂದಲಲ್ಲಿ ಉದುರುತ್ತಿತ್ತು.

ಹೊತ್ತೇರಿದ ಮೇಲೆ ಅಡಿವೆಪ್ಪನವರೂ ಹಿರಿಯರೂ ಬಂದರು. ಊರಲ್ಲಿ ಯಾರ ಮನೆಯ ಒಲೆಯೂ ಆರಿಲ್ಲ ಎಂಬುದನ್ನು ಅವರು ಆಗಲೇ ವಿಚಾರಿಸಿಕೊಂಡಿದ್ದರು. ಪಡಸಾಲೆಯಲ್ಲಿ ಕೂತವರಿಗೆ ನನ್ನ ಒಲೆಯ ಮೇಲೆ ಕುದಿಯುವ ಹಂಡೆ ಕಾಣುತ್ತಿತ್ತು. ಕಂಡೂ ಕಾಣದವರಂತೆ ಕೂತರು. ಇಶ್ಮೇಯ ಒಲೆ ಆರಿದೆ ಎಂದು ನಾನು ಹೇಳಿದೆ. ಲೈನಿನ ಒಲೆ ಲೆಕ್ಕಕ್ಕೆ ಬರುವುದಿಲ್ಲವಲ್ಲ ಎಂದು ಒಬ್ಬರು ನೆಲ ನೋಡುತ್ತ ಹೇಳಿದರು. ಅಡಿವೆಪ್ಪನವರು ನನ್ನನ್ನು ಅಂಗಳಕ್ಕೆ ಕರೆದರು. ಅವರ ಕಣ್ಣಲ್ಲಿ ಕರುಣೆಯೇ ಇತ್ತು, ಅದು ಇನ್ನೂ ಕಷ್ಟವಾಯಿತು.

"ಕಾಶವ್ವ, ನಿನ್ನ ಸೇವಾ ಊರಿಗೆಲ್ಲಾ ಗೊತ್ತೈತಿ. ಹಂಡೆ ಇಳಿಸು, ಒಲಿ ಆರಿಸು. ಒಣ ಅಂತ ಒಂದು ಮಾತು ಅನ್ನು. ನಿನ್ನ ಯಾರು ಕೇಳ್ತಾರ?"

"ಅಕಿ ಒಲಿ ಖರೇನ ಆರೇತಲ್ರೀ," ಎಂದೆ.

"ಅದನ್ನ ಹಿಡಿದ್ರ ಹಿಂದಿನವೆಲ್ಲಾ ಹಿಡೀಬೇಕಾಗತೈತಿ. ಹಳ್ಳದಾಚಿ ಹಾಕಿದವರಿಗೆ ಏನಂತ ಹೇಳೂದು ನಾವು?"

ನನಗೆ ಆಗ ನಿಜವಾಗಿಯೂ ಮನಸ್ಸಾಗಿತ್ತು, ಹೌದು ಎಂದುಬಿಡಲು. ಎಷ್ಟೋ ಸೊಸೆಯರನ್ನು ಕೆಸರಿನಲ್ಲಿ ನಿಲ್ಲಿಸಿ ನಗಾಡಿದವಳು ನಾನು. ಈಗ ಅವರೆಲ್ಲ ಬೇಲಿಯ ಆಚೆ ನಿಂತು ನನ್ನ ಮನೆಯ ಹೊಗೆ ನೋಡುತ್ತಿದ್ದರು. ಒಳಗೆ ಇಶ್ಮೇ ಅತ್ತೆಯ ಕಾಲ ಬಳಿ ಕೂತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸಿತ್ತು. ನನ್ನ ಬೂದಿ ತಗೊಳ್ಳಿ ಎನ್ನಲಿಲ್ಲ, ನನ್ನ ಗಂಡನಿಗೆ ಯಾಕೆ ಹೀಗೆ ಮಾಡಿದಿರಿ ಎನ್ನಲಿಲ್ಲ. ಅತ್ತೆಯ ಉಗುರಿನ ಸಂದಿಯ ಕೊಳೆಯನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಅದು ನಾನು ಪ್ರತಿ ವಾರ ಮಾಡುತ್ತಿದ್ದ ಕೆಲಸ. ನಾನು ಮಾಡುವಾಗ ಬೇಗ ಮುಗಿಯಲಿ ಎಂದು ಮಾಡುತ್ತಿದ್ದೆ.

ಬೂದಿ ನೋಡಿ ಬರುತ್ತೇನೆ, ನೀವೂ ಬನ್ನಿ ಎಂದು ಹಿರಿಯರಿಗೆ ಹೇಳಿ ಲೈನಿನ ಹಾದಿ ಹಿಡಿದೆ. ಅವರು ಬೇರೆ ದಾರಿ ಇಲ್ಲದೆ ಹಿಂದೆ ಬಂದರು. ಬೇಲಿಯ ಆಚೆ ನಿಂತಿದ್ದ ಹೆಂಗಸರೂ ಬಂದರು. ಊರಿನವರು ಅಷ್ಟು ಜನ ಒಟ್ಟಿಗೆ ಲೈನಿಗೆ ಬಂದದ್ದು ಅದೇ ಮೊದಲು. ಗೂಡಿನ ಕೆಲಸದವರು ಬುಟ್ಟಿ ಇಳಿಸಿ, ಮುಖದ ಮೇಲೆ ಸುಣ್ಣ ಇದ್ದ ಹಾಗೆಯೇ ನಿಂತು ನೋಡಿದರು. ಇಶ್ಮೇಯ ಮನೆಯೊಳಗೆ ಅತ್ತೆ ಹಾಕಿಸಿದ ಒಲೆ ಇತ್ತು. ಅಂಚಿನಲ್ಲಿ ಅತ್ತೆಯ ಎಡಗೈಯ ಬೆರಳ ಗುರುತು ಹಾಗೆಯೇ ಉಳಿದಿತ್ತು, ಹಸಿ ಇದ್ದಾಗ ಹದ ನೋಡಲು ಒತ್ತಿದ್ದು. ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿ. ನಾನು ಕೂತು ಒಲೆಯೊಳಗೆ ಕೈ ಹಾಕಿದೆ.

ಇಷ್ಟು ವರ್ಷದಲ್ಲಿ ಅಷ್ಟು ತಣ್ಣನೆಯ ಬೂದಿಯನ್ನು ನಾನು ಮುಟ್ಟಿರಲಿಲ್ಲ. ಒಂದು ಹಿಡಿ ಎತ್ತಿ ಬಾಗಿಲಿಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಬೆರಳು ಸಡಿಲಿಸಿದೆ. ಗಾಳಿಗೆ ತೇಲಿಕೊಂಡು ಹೋಯಿತು.

"ಒಣ ಬೂದಿ," ಎಂದೆ.

ಆಮೇಲೆ ಜನರ ನಡುವಿನಿಂದ ಒಂದು ದನಿ, ಹಾಗಾದರೆ ನಿನ್ನ ಒಲೆ ಏನಾಗಿದೆ ಎಂದು ಕೇಳಿತು. ಭತ್ತದ ಮಾತಾಡಿ ನಾನು ನಗೆಪಾಟಲು ಮಾಡಿದ್ದ ಅದೇ ಸೊಸೆ. ಕೇಳುವ ಹಕ್ಕು ಅವಳಿಗಿತ್ತು.

"ಉರಿಯಾಕತ್ತೈತಿ," ಎಂದೆ.

ಅವಳು ನಗುತ್ತಾಳೆ ಎಂದು ಕಾದೆ, ನಗಲಿಲ್ಲ. ಅಡಿವೆಪ್ಪನವರು ತಲೆಯ ಪಟಕ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಹಳ್ಳದಾಚೆಗೆ ಹೋದವರ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಎತ್ತಿ ಮಾಡುವುದೇನು, ಅಲ್ಲಿ ಅಗೆದರೆ ಮರಳು ಬಿಟ್ಟು ಬೇರೇನೂ ಸಿಗದು. ಅಲ್ಲಿ ನಿಂತಿದ್ದ ಲೈನಿನ ಒಬ್ಬ ಮುದುಕ ನಮ್ಮ ಮಾತು ಬಲ್ಲವನು. ನಾನು ಹೇಳಿದ ಎರಡು ಶಬ್ದವನ್ನು ತನ್ನವರಿಗೆ ತನ್ನ ಭಾಷೆಯಲ್ಲಿ ಹೇಳಿದ. ಆಮೇಲೆ ನಮ್ಮ ಕಡೆ ತಿರುಗಿ ಹಳೆಯ ಮಾತು ತೆಗೆದ. ಆಗ ತಿಳಿಯಿತು ನನಗೆ, ತೊವಾನ ಹೋದಾಗ ಇವರು ಹಿಡಿದದ್ದು ಉಪವಾಸವಲ್ಲ ಎಂದು. ಲೈನಿನ ಅಷ್ಟೂ ಒಲೆ ಒಂದೇ ಗಳಿಗೆಗೆ ಆರಿದ್ದವಂತೆ. ಹಾಗೆ ಆರಿದ ಒಲೆ ಕಡ್ಡಿ ಗೀರಿದರೆ ಹೊತ್ತುವುದಿಲ್ಲ. ಉರಿಯುವ ಒಲೆಯ ಮನೆಯವರು ಯಾರಾದರೂ ಕೆಂಡ ತಂದು ಕೊಡಬೇಕು. ಅದು ಊರ ರೀತಿ, ಕೂಸಿಗೂ ಗೊತ್ತಿರುವ ರೀತಿ. ಯಾರೂ ತರಲಿಲ್ಲ. ಕಡೆಗೆ ಅವರು ಸುಣ್ಣದ ಗೂಡಿನ ಬೆಂಕಿಯನ್ನೇ ತಂದು ಹೊತ್ತಿಸಿಕೊಂಡರಂತೆ. ಎಷ್ಟೋ ದಿನ ಅನ್ನ ಸುಣ್ಣದ ವಾಸನೆ ಹೊಡೆಯುತ್ತಿತ್ತಂತೆ. ಮುದುಕ ಇದನ್ನೆಲ್ಲ ಸಿಟ್ಟಿಲ್ಲದೆ ಹೇಳಿದ. ಅಡಿವೆಪ್ಪನವರು ಕೇಳುತ್ತ ಕೇಳುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು.

ಅತ್ತೆಯನ್ನು ಊರ ಮಣ್ಣಿನಲ್ಲಿ, ಮಗನ ಮಗ್ಗುಲಲ್ಲಿ ಇಟ್ಟೆವು. ತಲೆಯ ಕೆಳಗೆ ಇಶ್ಮೇಯೇ ಬೂದಿ ಹಾಕಿದಳು. ಲೈನಿನವರು ಊರ ಅಗಸೆಬಾಗಿಲಿನವರೆಗೆ ಬಂದು ಅಲ್ಲೇ ನಿಂತಿದ್ದರು. ನಾನು ಹೋಗಿ, ಬನ್ನಿ ಎಂದು ಕರೆದ ಮೇಲೆ ಒಳಗೆ ಬಂದು ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣು ಹಾಕಿದರು. ಇಶ್ಮೇ ಬಹಳ ಹೊತ್ತು ಆ ಜಾಗ ನೋಡುತ್ತ ನಿಂತಿದ್ದಳು. ಗಟ್ಟಿ ಎರೆ ನೆಲ, ಯಾವ ಹಳ್ಳವೂ ಮುಟ್ಟದ ನೆಲ. ಅವಳ ಗಂಡನಿಗೆ ಬೇಕಾಗಿದ್ದದ್ದು ಅಷ್ಟೇ ಅಗಲದ ಜಾಗ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಸಾವಿನ ಮನೆಗೆ ಬುತ್ತಿ ತರುವ ರೂಢಿ ಇದೆ, ನನಗೆ ಯಾರೂ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ. ಒಲೆ ಉರಿಯುವ ಮನೆ ಸಾವಿನ ಮನೆ ಅಲ್ಲ, ಅದು ನೆರೆಮನೆ. ಖಾಲಿ ಹಾಸಿಗೆಯ ಎದುರು ಕೂತು ಅದನ್ನೇ ಯೋಚಿಸಿದೆ. ನಾನು ಅತ್ತೆಯ ಸೊಸೆ ನಿಜ. ಆದರೆ ಇಂದು ಸಾವಾದದ್ದು ನನ್ನ ಮನೆಯಲ್ಲಲ್ಲ. ಎದ್ದು ಹಿಟ್ಟು ಕಲಸಿ ಒಂದು ರಾಶಿ ರೊಟ್ಟಿ ಬಡಿದೆ. ಪುಂಡಿಪಲ್ಯ ಮಾಡಿದೆ, ಅತ್ತೆ ಇಶ್ಮೇಗೆ ರುಚಿ ಹತ್ತಿಸಿದ್ದು ಅದು. ಎಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡು, ಮಡಕೆಯ ಚೂರಿನಲ್ಲಿ ನನ್ನ ಒಲೆಯ ಕೆಂಡ ತುಂಬಿಕೊಂಡು, ಗಾಳಿಗೆ ಆರದಂತೆ ಸೆರಗು ಮರೆಮಾಡಿಕೊಂಡು ಲೈನಿಗೆ ನಡೆದೆ. ಕತ್ತಲಾಗುವ ಮೊದಲು ಬೆಂಕಿ ಮುಟ್ಟಿಸಬೇಕು.

ಇಶ್ಮೇ ಹೊಸ್ತಿಲ ಮೇಲೆ ಕೂತಿದ್ದಳು. ತಲೆ ಬಾಚಿ, ಒಗೆದದ್ದು ಉಟ್ಟಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕೆಂಡ ತಂದವರು ಹೊರಗೆ ನಿಂತು ಹೇಳಬೇಕಾದ ಮಾತೊಂದಿದೆ. ಬೇರೆಯವರಿಗೆ ಎಷ್ಟೋ ಸಲ ಹೇಳಿದ ಮಾತು. ಸೆರಗಿನ ಮರೆಯಿಂದ ಕೆಂಡ ಹೊರತೆಗೆದು ಅದನ್ನು ಹೇಳಿದೆ.

"ನಿಮ್ಮವರು ಹ್ವಾದ್ರು. ನಮ್ಮ ಮನಿ ಬೆಂಕಿ ನಿಮ್ಮ ಮನಿಗೆ ಬಂದೈತಿ."

ಅದಕ್ಕೆ ಉತ್ತರವೂ ಗೊತ್ತಾದದ್ದೇ ಇದೆ. ಪಾಪ, ಇವಳಿಗೆ ಹೇಗೆ ತಿಳಿಯಬೇಕು, ನಾನೇ ಹೇಳಿಕೊಡೋಣ ಎಂದುಕೊಳ್ಳುವಷ್ಟರಲ್ಲಿ ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ನಮ್ಮ ಊರಲ್ಲೇ ಹುಟ್ಟಿದವಳ ಹಾಗೆ, ಒಂದು ಅಕ್ಷರ ತಪ್ಪದೆ ಹೇಳಿದಳು.

"ಒಲಿ ತಣ್ಣಗೈತಿ. ಒಳಗ ಬರ್ರಿ."

ನಾನು ಅವಳ ಮುಖ ನೋಡಿದೆ. ಅತ್ತೆ ಕಲಿಸಿದ್ದಳೇ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆ ಆಡಿಸಿದಳು.

"ತೊವಾನ ಹ್ವಾದಾಗ ಕಲತಿದ್ದೆ ಅಕ್ಕ. ಯಾರರ ಬರ್ತಾರ ಅಂತ ದಿನಾ ಸಂಜಿಗೆ ಇಲ್ಲೇ ಕುಂದರತಿದ್ದೆ."

ಅಷ್ಟು ಹೇಳಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ಬಗ್ಗಿ ಒಳಗೆ ಹೋದೆ.